ಮೀನಿನ ಹೊಟ್ಟೆಯಲ್ಲಿ ಏನಿತ್ತೆಂದು ಬಲ್ಲವಳು

ಎಂಬತ್ತರ ದಶಕದ ಕೊನೆಗೆ ನಾನು ಕಾರವಾರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಯಾವ ಮೀನು ಏನು ತಿನ್ನುತ್ತದೆಂದು ಹೊಟ್ಟೆ ಕೊಯ್ದು ನೋಡಿ ಬರೆಯುವುದು ನನ್ನ ಕೆಲಸ. ರಜೆಗೆ ನಿಪ್ಪಾಣಿಗೆ ಬರುವಾಗ ಮೀನಿನ ಹೊಟ್ಟೆಗಳನ್ನು ಕೆಡದಂತೆ ಅದ್ದಿಟ್ಟ ಫಾರ್ಮಾಲಿನ್ ಬಾಟಲಿಗಳೂ ನನ್ನ ಜೊತೆ ಬಸ್ಸು ಹತ್ತುತ್ತಿದ್ದವು. ಆ ವಾಸನೆಗೆ ಪಕ್ಕದಲ್ಲಿ ಯಾರೂ ಕೂಡುತ್ತಿರಲಿಲ್ಲ, ಅದೊಂದು ಅನುಕೂಲ.

ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಬೀಡಿ ಕಟ್ಟಿ ಕಟ್ಟಿ ಅವಳ ಬೆರಳು ಬಲು ಚುರುಕು. ಮೀನಿನ ಹೊಟ್ಟೆಯಲ್ಲಿ ಚಿಮುಟ ಹಿಡಿದು ನಾನು ತಡಕಾಡುವ ಹುಳುವನ್ನು ಅವಳು ಕಡ್ಡಿಯಿಂದಲೇ ಎತ್ತಿ ತಟ್ಟೆಗೆ ಇಡುತ್ತಿದ್ದಳು. ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕೂತು ಕೆಲಸ ಮಾಡುತ್ತಿದ್ದೆವು. ಸುರಮಾಯಿ ಎಂಬ ದೊಡ್ಡ ಮೀನಿನ ಹೊಟ್ಟೆಯಲ್ಲಿ ಇಡೀ ಸಣ್ಣ ಮೀನು, ಬಂಗುಡೆಯದರಲ್ಲಿ ಬರೀ ಹಸಿರು ಗಂಜಿ. ಅದು ಅವಳಿಗೆ ಒಪ್ಪಿಗೆಯಾಗಿತ್ತು. ತಕರಾರು ಇದ್ದದ್ದು ನೋಗ್ಲಿ ಮೀನಿನ ಮೇಲೆ. ಸಣ್ಣ ನೋಗ್ಲಿಯ ಹೊಟ್ಟೆಯಲ್ಲಿ ಹುಡಿಯಂಥ ಜೀವಿಗಳು, ದೊಡ್ಡದರಲ್ಲಿ ಹುಳು, ಸಿಗಡಿ ಚೂರು.

“ಒಂದ ಬಲ್ಯಾಗ ಬಿದ್ದಾವು, ಒಂದ ಜಾತಿ. ಉಣ್ಣೂದು ಯಾಕ ಬ್ಯಾರೆ ಬೇ?” ಎಂದು ಕೇಳಿದಳು.

“ಬೆಳದಂಗ ಬಾಯಿ ದೊಡ್ಡದಾಗತೈತಿ ಅಕ್ಕಾ. ಬಾಯಿಗೆ ಹಿಡಿಸಿದ್ದು ತಿಂತಾವು,” ಎಂದೆ. ಪುಸ್ತಕದ ಮಾತನ್ನು ನನ್ನದೇ ಎಂಬಂತೆ ಹೇಳುವ ಠೀವಿ ಆಗ ನನಗಿತ್ತು.

ಆ ರಜೆಯಲ್ಲಿ ಅವಳು ಸಂತೆಯಿಂದ ಬಂಗುಡೆ ತಂದಳು. ಮೀನೆಲ್ಲ ನನ್ನ ತಾಟಿಗೆ. ತಾನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ತಿಂದಳು. ದೀಪಾವಳಿಗೆ ಬಂದಾಗ ರೊಟ್ಟಿಯೂ ಇಲ್ಲ, ನುಚ್ಚು. ಮರುಬೇಸಿಗೆಗೆ ಬರೀ ಅಂಬಲಿ, ಅದೂ ಗುಟುಕು ಗುಟುಕಾಗಿ. ಕೇಳಿದರೆ “ಒಲ್ಲೆನಸತೈತಿ” ಅಂದಳು. ನನಗೆ ಸಿಟ್ಟು ಬಂತು. ನಮ್ಮ ಓಣಿಯ ಹೆಂಗಸರಂತೆ ಅವಳೂ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಲ್ಲಿಗೆ ತಿಕ್ಕುತ್ತಿದ್ದಳು.

“ಮೂರೂ ಹೊತ್ತು ಮಿಶ್ರಿ ತಿಕ್ಕಿದರ ಊಟ ಎಲ್ಲಿಂದ ರುಚಿಸತೈತಿ?” ಎಂದು ರೇಗಿ, ಡಬ್ಬಿ ಕಸಿದು ಬಚ್ಚಿಟ್ಟೆ. ಕಾಯಿಲೆ ಪತ್ತೆ ಹಚ್ಚಿದೆನೆಂದೇ ನನ್ನ ಭಾವನೆ. ಅಕ್ಕ ನಕ್ಕು ಬೀಡಿ ಕಟ್ಟಲು ಕೂತಳು.

ಮಿರಜಿನ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ನೀರೂ ಇಳಿಯುತ್ತಿರಲಿಲ್ಲ. ಅನ್ನನಾಳದಲ್ಲಿ ಗಡ್ಡೆ ಬೆಳೆದಿತ್ತು. ಅವಳಿಗೆ ಮಾತಾಡುವ ತ್ರಾಣವಿಲ್ಲವೆಂದು ಡಾಕ್ಟರು ನನ್ನನ್ನೇ ಕೇಳಿದರು. ಗಟ್ಟಿ ಊಟ ಬಿಟ್ಟದ್ದು ಯಾವಾಗ? ಮೆತ್ತಗಿನದು ಎಷ್ಟು ದಿನ ನಡೆಯಿತು? ನೂರಾರು ಮೀನುಗಳ ಊಟ ಬರೆದಿಟ್ಟವಳು ದೀಪಾವಳಿಯೋ, ಅದಕ್ಕೂ ಮುಂಚೆಯೋ ಎಂದು ಬೆರಳು ಮಡಿಸಿ ಎಣಿಸತೊಡಗಿದೆ. ನಾಚಿಕೆಯಿಂದ ಸತ್ತೇಹೋಗಬೇಕೆನಿಸಿತು.

ಮಂಚದಿಂದ ಅಕ್ಕನೇ ಸಣ್ಣ ದನಿಯಲ್ಲಿ ಅಂದಳು: “ಆಕಿ ಊರಾಗ ಇರಲಿಲ್ರೀ. ಆಕಿಗೇನ ಗೊತ್ತ?”

ಅಕ್ಕ ಮಳೆಗಾಲ ದಾಟಲಿಲ್ಲ. ನನ್ನ ಪ್ರಬಂಧ ಪಾಸಾಯಿತು. ಅವಳು ಎತ್ತಿಕೊಟ್ಟ ಹುಳುಗಳೆಲ್ಲ ಅದರ ಪಟ್ಟಿಯಲ್ಲಿವೆ.

ಊರಲ್ಲಿ ಇರಲಿಲ್ಲ ಎಂದು ಅವಳು ನನ್ನ ಮಾನ ಉಳಿಸಿದಳು. ನಾನು ಇದ್ದೆ. ಅವಳ ಎದುರಿಗೇ ಕೂತು, ಅವಳ ಪಾಲಿನ ಬಂಗುಡೆಯನ್ನೂ ತಿನ್ನುತ್ತಿದ್ದೆ.