ಹಸಿವು ಹೆಚ್ಚಿಸುವ ಔಷಧಿ

ಪೀಣ್ಯದ ಸಂಶೋಧನಾ ಕೇಂದ್ರವೊಂದರಲ್ಲಿ ನನ್ನ ಕೆಲಸ, ಹೊಸ ಔಷಧಿಯ ಪರೀಕ್ಷೆಗೆ ಬರುವವರಿಗೆ ಒಪ್ಪಿಗೆ ಪತ್ರ ಓದಿ ಹೇಳುವುದು. ಆ ದಿನ ಬಂದವರು ಲಗ್ಗೆರೆಯ ಮಂಜಣ್ಣ, ಗೋದಾಮಿನಲ್ಲಿ ಲೋಡಿಂಗ್ ಕೆಲಸದವರು.

"ಈ ಪೆಪ್ಟೈಡ್ ಇಂಜೆಕ್ಷನ್ ಕೊಟ್ರೆ ದೇಹವೇ ಬೆಳವಣಿಗೆಯ ಹಾರ್ಮೋನನ್ನ ಜಾಸ್ತಿ ಬಿಡುತ್ತೆ. ವರ್ಷಗಟ್ಟಲೆ ತಗೊಂಡ್ರೆ ಏನಾಗುತ್ತೋ ಇನ್ನೂ ಗೊತ್ತಿಲ್ಲ," ಅಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಅಡ್ಡಪರಿಣಾಮಗಳಲ್ಲಿ "ಹಸಿವು ಹೆಚ್ಚಾಗಬಹುದು" ಎಂದು ಓದಿದಾಗ ಮಾತ್ರ ನೆಟ್ಟಗೆ ಕೂತರು.

"ಮೇಡಂ, ನಮ್ಮಮ್ಮ ಕಾಯಿಲೆ ಬಿದ್ದಾಗಿಂದ ಅನ್ನ ಮುಟ್ತಿಲ್ಲ. ನನಗೆ ಕೊಡೋದನ್ನ ಅವ್ರಿಗೆ ಕೊಡಕ್ಕಾಗುತ್ತಾ?"

"ಆಗಲ್ಲ ಮಂಜಣ್ಣ. ಅಪಾಯ ಇಲ್ಲ ಅಂತ ಮೊದಲು ಆರೋಗ್ಯವಾಗಿರೋರಲ್ಲಿ ನೋಡ್ಬೇಕು."

"ಅವ್ರಿಗೆ ಸಿಗೋದು ಯಾವಾಗ?"

"ಎಷ್ಟೋ ವರ್ಷ ಆಗ್ಬಹುದು. ಸಿಗದೇ ಇರ್ಲೂಬಹುದು."

ಅವರು ಪೆನ್ನು ಕೈಗೆತ್ತಿಕೊಂಡು, "ಇಲ್ಲಿ ಎಷ್ಟು ದಿನ ಇರ್ಬೇಕು?" ಅಂದರು.

"ನಾಲ್ಕು ದಿನ."

"ಹಂಗಾದ್ರೆ ಬೇಡ ಬಿಡಿ ಮೇಡಂ. ನಾನು ಕುಡಿಸಿದ್ರೆ ಅರ್ಧ ಲೋಟ ಗಂಜಿ ಕುಡೀತಾರೆ. ಬೇರೆಯವ್ರು ಕುಡಿಸಕ್ಕೆ ಹೋದ್ರೆ ಬಾಯೇ ತೆರೆಯಲ್ಲ."

ಪೆನ್ನು ಮೇಜಿನ ಮೇಲಿಟ್ಟು, ಕೈಮುಗಿದು ಹೊರಟರು. ನಾನು ನಿರಾಕರಣೆಗೆ ಕಾರಣ ಬರೆಯುವ ಕಡೆ "ವೈಯಕ್ತಿಕ" ಎಂದು ಬರೆದೆ. ಫಾರಂನಲ್ಲಿ ಇದ್ದದ್ದು ಅಷ್ಟೇ ಜಾಗ.