ಅಳತೆ ಕೊಡದ ಅಣ್ಣ

ನಾನು ಗುಂಡಿ ಹೊಲಿಯುವ ಟೇಲರ್ ಅಂಗಡಿಯ ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಗುಂಡಿಗಿಂತ ದೊಡ್ಡ ಕೆಲಸವನ್ನು ಅವರು ಇನ್ನೂ ನನ್ನನ್ನು ನಂಬಿ ಕೊಟ್ಟಿಲ್ಲ. ನನ್ನ ಗುಂಡಿಗಳನ್ನು ನೋಡಿದವರು ಅದೂ ಸರಿಯೇ ಎನ್ನುತ್ತಾರೆ. ಅಕ್ಕನದೊಂದು ಚಾಳಿ: ಬಟ್ಟೆ ಯಾರಿಗೆ, ಯಾತಕ್ಕೆ ಎಂದು ತಿಳಿಯದೆ ಕತ್ತರಿ ಮುಟ್ಟುವವರಲ್ಲ.

ಅವರ ಮಗಳು ಒಂಬತ್ತನೇ ಕ್ಲಾಸು. ಶಾಲೆ ಬಿಟ್ಟು ಅಂಗಡಿಗೆ ಬಂದರೆ ಅವಳ ಬಾಯಿಗೆ ಬ್ರೇಕೇ ಇರುತ್ತಿರಲಿಲ್ಲ. ಈಚೆಗೆ ಮೂಲೆಯಲ್ಲಿ ಮೊಬೈಲು ಹಿಡಿದು ಕೂರುತ್ತಿದ್ದಳು. ಬಾಯಿ ತೆರೆದರೆ, ಹೊರಗಿನಿಂದ ಬಂದು ನೆಲೆಸಿದವರನ್ನೆಲ್ಲ ಓಡಿಸಬೇಕು ಎಂಬ ಮಾತು.

"ಪ್ರೀತಿ ಗೀತಿ ಇರಬೇಕು ಬಿಡಿ ಅಕ್ಕಾ" ಎಂದೆ, ನನಗೇನೋ ಭಾರಿ ಅನುಭವ ಇರುವ ಹಾಗೆ.

"ಪ್ರೀತಿ ಮಾಡೋರಿಗೆ ಇಷ್ಟೊಂದು ಜನರನ್ನ ದ್ವೇಷಿಸೋಕೆ ಪುರುಸೊತ್ತು ಎಲ್ಲಿರುತ್ತೋ?"

ಒಂದು ಸಂಜೆ ಮಗಳೇ ಕೇಳಿದಳು. "ಅಮ್ಮಾ, ಒಂದು ಕಪ್ಪು ಶರ್ಟು ಹೊಲಿದುಕೊಡು. ನಮ್ಮ ಗುಂಪಲ್ಲಿ ಎಲ್ರೂ ಹಾಕ್ಕೋತಾರೆ."

ಅಕ್ಕ ಬೈಯಲಿಲ್ಲ, ಟೇಪು ತೆಗೆದರು. "ಯಾವ ಗುಂಪು?"

"ಆನ್‌ಲೈನಲ್ಲಿ. ಅಣ್ಣ ನಡೆಸ್ತಾರೆ. ನನ್ನನ್ನ ಅವರಷ್ಟು ಅರ್ಥ ಮಾಡ್ಕೊಂಡೋರು ಯಾರೂ ಇಲ್ಲ."

"ಹಾಗಾದ್ರೆ ಮೊದಲು ಅಣ್ಣನಿಗೇ ಹೊಲಿಯೋಣ. ಹೆಸರೇನು? ವಯಸ್ಸು? ಭುಜದ ಅಳತೆ ಕೇಳು."

ಅವಳಿಗೆ ಹೆಸರೂ ಗೊತ್ತಿರಲಿಲ್ಲ. ಮುಖ ಊದಿಸಿಕೊಂಡೇ ಮೆಸೇಜ್ ಕಳಿಸಿದಳು. ಉತ್ತರ ಓದಿದವಳು ಫೋನನ್ನು ಅಮ್ಮನ ಮುಂದಿಟ್ಟಳು. ನಾನೂ ಇಣುಕಿದೆ. 'ನಿಮ್ಮಮ್ಮ ಆ ಹೊರಗಿನವರಿಗೂ ಬಟ್ಟೆ ಹೊಲೀತಾಳೆ ಅಂತ ನೀನೇ ಹೇಳಿದ್ದೆ. ಅವಳೂ ದ್ರೋಹಿನೇ. ಅವಳಿಗೆ ಏನೂ ಹೇಳಬೇಡ, ಎಲ್ಲ ಅಳಿಸು.'

"ಅಳಿಸಿ ಬ್ಲಾಕ್ ಮಾಡ್ಬಿಡು" ಎಂದೆ, ಮಹಾ ಜಾಣನ ಹಾಗೆ.

"ಅವನು ಹೇಳಿದ್ದನ್ನೇ ನೀನೂ ಹೇಳ್ತೀಯಲ್ಲೋ ಮಹಾನುಭಾವ. ಇದನ್ನ ತೋರಿಸ್ಬೇಕಾದವರಿಗೆ ತೋರಿಸ್ಬೇಕು."

ಅಕ್ಕ ಮಗಳ ಪಕ್ಕ ಸ್ಟೂಲು ಎಳೆದುಕೊಂಡು ಮೊದಲಿನಿಂದ ಓದತೊಡಗಿದರು. ಪ್ರತಿ ಮೆಸೇಜಿಗೂ "ಇಲ್ಲಿ ನಿನಗೆ ಏನನ್ನಿಸ್ತು?" ಎಂದು ಕೇಳುತ್ತಿದ್ದರು. ಕತೆ ಕೇಳುವವರ ಕುತೂಹಲ. ಕ್ಲಾಸಿನ ಗೆಳತಿಯರು ಇವಳನ್ನು ದೂರ ಇಟ್ಟಿದ್ದ ವಾರ ಅಣ್ಣ ಮೊದಲ ಸಲ 'ಊಟ ಆಯ್ತಾ?' ಎಂದಿದ್ದನಂತೆ. ಅದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಮರುದಿನ ಶಾಲೆಯ ಆಪ್ತ ಸಲಹೆಗಾರ್ತಿಯನ್ನು ಕಾಣಲು ಇಬ್ಬರೂ ಹೊರಟಾಗ ಮಗಳು ಬಾಗಿಲಲ್ಲೇ ನಿಂತಳು.

"ಅಮ್ಮಾ, ಗುಂಪಲ್ಲಿ ನನಗಿಂತ ಚಿಕ್ಕವಳೊಬ್ಬಳಿದ್ದಾಳೆ. ಹಿಂದಿನ ಬೀದಿಯವಳು. ನಾನೇ ಸೇರಿಸಿದ್ದು."

ಅಕ್ಕ ಅಂಗಡಿಯನ್ನು ನನಗೆ ಒಪ್ಪಿಸಿ ಮೆಟ್ಟಿಲಿಳಿದರು.

"ನಡಿ, ಮೊದಲು ಅವಳ ಮನೆಗೆ."