ನನ್ನ ಹೆಸರಿನ ಕಾರು

ನಮ್ಮೆಜಮಾನರು ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ತೋಟ ಮಾವನವರ ಹೆಸರಿನಲ್ಲೇ ಇತ್ತು, ಕಾಫಿ ಮಾರುವುದು ಮೈದುನ, ಮನೆಗಿದ್ದ ಒಂದೇ ಜೀಪು ಅವನ ಕೈಯಲ್ಲಿ. ಅವನು ಕೆಟ್ಟವನಲ್ಲ. ಕೇಳಿದಾಗಲೆಲ್ಲ ಕಳಿಸುತ್ತಿದ್ದ. ಆದರೆ ಕೇಳಬೇಕಿತ್ತು. ಮಗಳಿಗೆ ಜ್ವರ ಏರಿದ ದಿನ ಜೀಪು ಕಾಫಿ ಮೂಟೆ ಹೊತ್ತು ಹೋಗಿತ್ತು. ಅದು ಬರುವವರೆಗೆ ಅವಳನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದೆ. ಅಳು ಬರಲಿಲ್ಲ. ಒಂದು ಕಾರು ಬೇಕು, ನನ್ನ ಹೆಸರಿನಲ್ಲಿ, ಎಂದು ಮಾತ್ರ ಅನ್ನಿಸಿತು.

ಚಿಕ್ಕಮಗಳೂರಿನ ಹಳೇ ಕಾರುಗಳ ಶೋರೂಮಿಗೆ ಮೈದುನನೇ ಕರೆದುಕೊಂಡು ಹೋದ. ಬೂದು ಬಣ್ಣದ ಸಣ್ಣ ಕಾರೊಂದರ ಹಿಂದಿನ ಗಾಜಿನಲ್ಲಿ ಯಾವುದೋ ಮಗು ಅಂಟಿಸಿದ್ದ ಸ್ಟಿಕ್ಕರಿನ ಅರ್ಧ ಉಳಿದಿತ್ತು. ಇದೇ ಸಾಕು ಎಂದೆ. ಶೋರೂಮಿನ ಸಾಹೇಬರು ಹಿಂದೆ ಮೂಡಿಗೆರೆಯಲ್ಲಿ ಗ್ಯಾರೇಜ್ ಇಟ್ಟವರು, ನಮ್ಮ ಜೀಪು ರಿಪೇರಿ ಮಾಡಿದವರು. ಸಾಲ ಮಾಡಿಸಲು ಫೈನಾನ್ಸಿನವನನ್ನು ಕರೆದರು. ಅವನು ಬಯಲುಸೀಮೆಯ ಕಡೆಯವನು.

"ತಿಂಗಳಿಗೆ ಇನ್‌ಕಮ್ ಎಷ್ಟು ಬರುತ್ತೆ ಮೇಡಂ?"

"ತಿಂಗಳಿಗೆ ಅಂತ ಏನಿಲ್ಲ. ಕಾಫಿ ಮಾರಿದಾಗ ಬರುತ್ತೆ."

"ನಿಮ್ ಹೆಸರಲ್ಲಿ ಮಾರ್ತೀರಾ?"

"ಇಲ್ಲ."

ಅವನು ಪೆನ್ನನ್ನು ಕೆಳಗಿಟ್ಟ. ಸಾಹೇಬರು ನಕ್ಕರು. "ಇಲ್ಲಿ ವರ್ಷಕ್ಕೆ ಒಂದೇ ತಿಂಗಳು ಮಾರಾಯ. ದಿನಸಿ, ಗೊಬ್ಬರ, ಮದುವೆ, ಎಲ್ಲಾ ಲೆಕ್ಕನೂ ಕಾಫಿ ಬಂದ್ಮೇಲೇ ಚುಕ್ತಾ. ನಿನ್ ಕಂಪ್ಯೂಟರಿಗೆ ಸ್ವಲ್ಪ ಹೇಳು."

"ಅದು ಪ್ರತಿ ತಿಂಗಳು ಐದನೇ ತಾರೀಕೇ ಕಂತು ಕೇಳೋದು ಸಾಹೇಬ್ರೆ."

ಮೈದುನ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಲೋನು ನನ್ನ ಹೆಸರಲ್ಲಿ ಮಾಡಿ. ಗಾಡಿನೂ ನನ್ನ ಹೆಸರಲ್ಲೇ ಇರ್ಲಿ. ಓಡಿಸೋದು ನೀವೇ ಅಲ್ವಾ ಅತ್ತಿಗೆ, ಏನೀಗ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮೇಜಿನ ಮೇಲಿನ ಪ್ಲಾಸ್ಟಿಕ್ ಹೂವನ್ನು ಯಾರೋ ಆಗಷ್ಟೇ ತೊಳೆದಿದ್ದರು, ಎಸಳುಗಳಲ್ಲಿ ನೀರಿತ್ತು. ಬೇಡ ಎಂದೆ. ಕಾಫಿಗೆ ಸಕ್ಕರೆ ಬೇಡ ಎನ್ನುವಂತಿತ್ತು ನನ್ನ ದನಿ.

"ಬೇಡ ಅಂದ್ರೆ?"

"ತವರಿನ ಬಳೆ ಇದಾವೆ. ಬ್ಯಾಂಕಲ್ಲಿ ಇಡ್ತೀನಿ."

"ಬಳೆ ಅಡ ಇಟ್ಟು ಕಾರಾ? ಊರಿನವ್ರು ನನ್ ಮುಖಕ್ಕೆ ಏನಂತಾರೆ ಅತ್ತಿಗೆ? ಅಣ್ಣ ಹೋಗಿ ವರ್ಷ ಆಗ್ಲಿಲ್ಲ, ತಮ್ಮ ಬಳೆ ಬಿಚ್ಚಿಸ್ದ ಅಂತಾರೆ."

ಸಾಹೇಬರು ಫ್ಯಾನಿನ ಕಡೆ ನೋಡಿದರು.

ಬಂಗಾರದ ಸಾಲಕ್ಕೆ ತಿಂಗಳ ಕಂತಿಲ್ಲ, ವರ್ಷಕ್ಕೊಮ್ಮೆ ಕಟ್ಟಿದರಾಯಿತು. ಮನೆ ಸುತ್ತಿನ ಮರಗಳಿಗೆ ಹಬ್ಬಿದ ಮೆಣಸು ನಮ್ಮಲ್ಲಿ ಮೊದಲಿನಿಂದಲೂ ಸೊಸೆಯ ಕೈಖರ್ಚಿಗೆ. ಸಾಲ ಕಟ್ಟಲು ಆ ದುಡ್ಡು ಸಾಕಾಗುತ್ತಿತ್ತು. ಮೂಡಿಗೆರೆಯ ಬ್ಯಾಂಕಿನಲ್ಲಿ ಅಕ್ಕಸಾಲಿ ಬಳೆಗಳನ್ನು ಕಪ್ಪು ಕಲ್ಲಿಗೆ ಉಜ್ಜಿ ನೋಡಿದ. ಅಮ್ಮ ತೊಟ್ಟು ತೊಟ್ಟು ಒಂದು ಬಳೆಯ ಅಂಚು ಸವೆದಿತ್ತು. ಅವನು ಅದನ್ನೂ ಉಳಿದವುಗಳ ಜೊತೆ ಚೀಲಕ್ಕೆ ಹಾಕಿ ಸೀಲು ಮಾಡಿದ. ಏನಾದರೂ ಅನ್ನಿಸಬಹುದೆಂದು ಕಾದೆ. ಕೌಂಟರಿನ ಮೇಲೆ ಟೋಕನ್ ಸಂಖ್ಯೆ ಬದಲಾಯಿತು, ನನ್ನ ಪಕ್ಕದವರು ಎದ್ದು ಹೋದರು.

ಕಾರು ನನ್ನ ಹೆಸರಿಗಾಯಿತು. ಮೊದಲ ದಿನ ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವಾಗ, ಬಣಕಲ್ ದಾಟಿ ನಮ್ಮ ತೋಟದ ಏರಿನಲ್ಲಿ ಜೀಪು ಎದುರಾಯಿತು. ಆ ರಸ್ತೆಯಲ್ಲಿ ಎರಡು ಗಾಡಿ ಹಿಡಿಸುವುದಿಲ್ಲ. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು, ಮನೆಯವರಾದರೆ ಗಾಜು ಇಳಿಸಿ ಒಂದು ಮಾತಾಡಿ ಹೋಗಬೇಕು. ಮೈದುನ ತಿರುವಿನವರೆಗೂ ಜೀಪನ್ನು ಹಿಂದಕ್ಕೆ ತೆಗೆದ, ಚರಂಡಿಗೆ ಚಕ್ರ ತಾಗುವಷ್ಟು ಪಕ್ಕಕ್ಕೆ ಸರಿಸಿದ. ನಾನು ಗಾಜು ಇಳಿಸಿದೆ. ಅವನು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ನೇರ ನೋಡುತ್ತಿದ್ದ.

"ಚಿಕ್ಕಪ್ಪ ಯಾಕಮ್ಮ ಮಾತಾಡ್ಲಿಲ್ಲ?" ಎಂದಳು ಮಗಳು.

"ಕೆಲಸ ಇರ್ಬೇಕು" ಎಂದೆ. ಗಾಜು ಏರಿಸಿ, ಎರಡನೇ ಗೇರಿಗೆ ಹಾಕಿ ಹತ್ತಿದೆ.